ನಾರ್ವೆಗೆ ನಮ್ಮ ದೊಡ್ಡಪ್ಪ ಕೊಟ್ಟ ದೊರೆ

...ಅಥವಾ ಆ ನಾರ್ವೆಯವನು ಬಂದದ್ದು ಬೇಸಿಗೆಯಲ್ಲೇ ಅಲ್ಲವೇನೋ. ಬೇಸಿಗೆ ಎಂದೇ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ, ಏಕೆಂದರೆ ಬಿಸಿಲಿಗೆ ಕೆಂಪಾದ ಆತನ ಮುಖ ನನಗೆ ಚೆನ್ನಾಗಿ ನೆನಪಿದೆ. ಆದರೆ ಆತನನ್ನು ನಾನು ನೋಡಿಯೇ ಇಲ್ಲ! ದೊಡ್ಡಪ್ಪ ಹೇಳಿದ್ದನ್ನು ಕೇಳಿ ಕೇಳಿ ನಾನೇ ಬಣ್ಣ ಬಳಿದುಕೊಂಡಿರಬೇಕು. ಇರಲಿ, ಒಂದಂತೂ ಖಚಿತ. ನಮ್ಮ ದೊಡ್ಡಪ್ಪ ಕುಂಬಾರಕೊಪ್ಪಲಿನ ತಮ್ಮ ಮನೆಯ ಜಗಲಿಯಲ್ಲಿ, ಲುಂಗಿ ಉಟ್ಟುಕೊಂಡು, ಒಂದು ತೊಟ್ಟು ರಕ್ತ ಸುರಿಸದೆ, ನಾರ್ವೆಯ ರಾಜಮನೆತನವನ್ನು ಇಳಿಸಿ ಬೇರೊಂದನ್ನು ಕೂರಿಸಿದವರು. ನಾರ್ವೆಯವರಿಗೆ ಇದು ಇನ್ನೂ ಗೊತ್ತಾಗಿಲ್ಲ, ಅಷ್ಟೆ.

ದೊಡ್ಡಪ್ಪ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅಲ್ಲಿಗೆ ವಿದೇಶದಿಂದ ಒಂದು ಯಂತ್ರ ಬಂತು, ಅದನ್ನು ಕೂರಿಸಲು ನಾರ್ವೆಯ ಎಂಜಿನಿಯರ್ ಒಬ್ಬ ಬಂದ. ಚಹಾದ ಹೊತ್ತಿನಲ್ಲಿ ಅವನು ತನ್ನ ದೇಶದ ಕತೆ ಹೇಳಿದನಂತೆ: ಅಜ್ಜಂದಿರ ಕಾಲದಲ್ಲಿ ನಾವು ಸ್ವೀಡನ್ನಿನಿಂದ ಬೇರೆಯಾದೆವು, ಯುದ್ಧ ಆಗಲಿಲ್ಲ. ನಮಗೊಬ್ಬ ದೊರೆ ಬೇಕಾಗಿತ್ತು. ಬಿಟ್ಟುಬಂದ ಆ ಸ್ವೀಡನ್ನಿನ ದೊರೆಯನ್ನೇ ಮೊದಲು ಕೇಳಿದೆವು, ನಿನ್ನ ಮನೆಯ ಹುಡುಗನೊಬ್ಬನನ್ನು ಕೊಡು ಅಂತ. ಮುದುಕ ಕೊಡಲಿಲ್ಲ. ಆಮೇಲೆ ಡೆನ್ಮಾರ್ಕಿನಿಂದ ಒಬ್ಬ ರಾಜಕುಮಾರನನ್ನು ಕರೆತಂದೆವು. ಈಗಿರುವುದು ಅವನ ವಂಶ.

"ಬಾಯ್ಬಿಟ್ಟು ಕೇಳಿದ್ರೂ ಕೊಡ್ಲಿಲ್ವಾ?"

"ಇಲ್ಲ."

"ಕೊಡಬೇಕಾಗಿತ್ತು" ಎಂದರಂತೆ ದೊಡ್ಡಪ್ಪ, ಲೋಟ ಕೆಳಗಿಟ್ಟು. ಎಂಜಿನಿಯರ್ ಯಂತ್ರ ಸರಿಮಾಡಿ ಹೊರಟುಹೋದ. ದೊಡ್ಡಪ್ಪ ನಾರ್ವೆಯನ್ನು ಸರಿಮಾಡಲು ಕೂತರು.

ಅವರ ನಾರ್ವೆಯಲ್ಲಿ ಆ ಮುದುಕ 'ಆಗಲಿ' ಅಂದ. ಅವನ ಮಗ ಹೋಗಿ ನಾರ್ವೆಯ ಸಿಂಹಾಸನ ಏರಿದ. ಅಲ್ಲಿಂದ ಈವರೆಗೆ ನಾಲ್ಕು ದೊರೆಗಳು, ಮದುವೆ, ಮುನಿಸು, ಬಾಣಂತನ, ಎಲ್ಲವೂ ಹನ್ನೊಂದು ಉದ್ದ ನೋಟ್‌ಬುಕ್ಕುಗಳಲ್ಲಿ ದುಂಡಗಿನ ಕನ್ನಡದಲ್ಲಿ ನಡೆದಿವೆ. ಬೆಲ್ಜಿಯಮ್ಮಿನಿಂದ ಬಂದ ಒಂದು ಒಳ್ಳೆಯ ಸಂಬಂಧ ಮುರಿದುಬಿತ್ತು. ಕಾರಣ? ಹುಡುಗಿಯದು ಮೂಲಾ ನಕ್ಷತ್ರ!

"ಯುರೋಪಿನಲ್ಲಿ ನಕ್ಷತ್ರ ನೋಡ್ತಾರಾ ದೊಡ್ಡಪ್ಪ?"

"ಯಾಕೆ, ಅಲ್ಲಿ ರಾತ್ರಿ ಆಗಲ್ವೇನೋ?"

ದೊಡ್ಡಮ್ಮನೂ ಕಡಿಮೆಯವರಲ್ಲ. ರಾಣಿಗೆ ಜನವರಿಯಲ್ಲಿ ಹೆರಿಗೆ ಎಂದು ದೊಡ್ಡಪ್ಪ ಓದಿ ಹೇಳಿದಾಗ ಅಡುಗೆಮನೆಯಿಂದಲೇ ಕೂಗಿದರಂತೆ: "ಆ ಹಿಮದಲ್ಲಿ ಬಾಣಂತಿಗೆ ನೀರು ಹಾಕೋರು ಯಾರ್ರೀ? ಎರಡು ತಿಂಗಳು ಮುಂದಕ್ಕೆ ಹಾಕಿ!" ದೊಡ್ಡಪ್ಪ ಹೊಡೆದುಹಾಕಿ ಮಾರ್ಚ್ ಎಂದು ಬರೆದರು. ಹೀಗೆ ಹನ್ನೊಂದು ತಿಂಗಳು ಗರ್ಭದಲ್ಲಿದ್ದ ಆ ರಾಜಕುಮಾರ ಮುಂದೆ ಪ್ರತಿಯೊಂದು ಸಭೆಗೂ ತಡವಾಗಿಯೇ ಬರುತ್ತಿದ್ದ.

ಇನ್ನು ಎರಡನೆಯ ದೊರೆ ತೀರಿಕೊಂಡ ದಿನ. ಬರೆದು ಮುಗಿಸಿ ದೊಡ್ಡಪ್ಪ ಸ್ನಾನವಿಲ್ಲ, ತಿಂಡಿಯಿಲ್ಲ, ಹೆಗಲ ಮೇಲೊಂದು ಒದ್ದೆ ಟವೆಲ್ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಎದುರಿನ ದಿನಸಿ ಅಂಗಡಿಯ ಮಾದೇವಪ್ಪ ಬಂದ.

"ಯಾಕ್ ಸಾರ್, ಇಂಗ್ ಕೂತ್ಬುಟ್ಟಿದ್ದೀರಾ?"

"ದೊರೆ ಹೋಗ್ಬುಟ್ರು ಕಣಪ್ಪ."

ಮೈಸೂರಿನಲ್ಲಿ ಹೇಳುವ ಮಾತೇ ಇದು! ಯಾವ ದೊರೆ ಎಂದು ಕೇಳುವುದಕ್ಕೂ ಮೊದಲು ಮಾದೇವಪ್ಪ ಓಡಿಹೋಗಿ ಅರ್ಧ ಶಟರ್ ಎಳೆದ. ಅದನ್ನು ಕಂಡು ಪಕ್ಕದ ಟೈಲರ್ ಪೂರ್ತಿ ಎಳೆದ. ಸ್ಕೂಲ್ ವ್ಯಾನಿನ ಡ್ರೈವರ್ ನಿಲ್ಲಿಸಿ, "ನಾಳೆ ರಜಾನಾ?" ಎಂದ. ಅರ್ಧ ಗಂಟೆಯಲ್ಲಿ ಬೀದಿ ಬಂದ್. ಟಿವಿ ಹಾಕಿ ನೋಡಿದರೆ ಸುದ್ದಿಯೇ ಇಲ್ಲ! ನಾಲ್ಕು ಜನ ಜಗಲಿಗೆ ಬಂದರು.

"ಯಾವ್ ದೊರೆ ಸಾರ್?"

"ನಾರ್ವೆ ದೊರೆ."

"ವಯಸ್ಸಾಗಿತ್ತಾ?" ಎಂದ ಮಾದೇವಪ್ಪ.

"ಎಂಬತ್ತೆರಡು."

"ಬುಡಿ ಸಾರ್, ಒಳ್ಳೆ ಸಾವು" ಎಂದು ಹೋಗಿ ಶಟರ್ ಎತ್ತಿದ.

ಇದನ್ನು ನಾನು ಮೂವರಿಂದ ಕೇಳಿದ್ದೇನೆ. ಮೂವರ ಲೆಕ್ಕದಲ್ಲೂ ಮುಚ್ಚಿದ ಅಂಗಡಿಗಳ ಸಂಖ್ಯೆ ಬೇರೆ ಬೇರೆ. ಟೈಲರ್ ಅಂತೂ ತಾನು ಮುಚ್ಚಲೇ ಇಲ್ಲ ಎಂದು ಆಣೆ ಮಾಡುತ್ತಾನೆ. ಆದ್ದರಿಂದ ಅರ್ಧ ನಂಬಿದರೆ ಸಾಕು.

ಈಗ ತೊಂದರೆ ಬಂದಿರುವುದು ಕಣ್ಣಿನಿಂದ. ದೊಡ್ಡಪ್ಪನಿಗೆ ಅಕ್ಷರ ಕಾಣಿಸುವುದಿಲ್ಲ. ಆಪರೇಷನ್ನಿಗೆ ಬಗ್ಗುವಂಥದ್ದಲ್ಲ ಎಂದಿದ್ದಾರೆ ಡಾಕ್ಟರು. ದೊಡ್ಡಪ್ಪ ದೊಡ್ಡಮ್ಮನಿಗೆ ಮಕ್ಕಳಿಲ್ಲ. ನಾನು ದೊಡ್ಡಪ್ಪನ ಒಬ್ಬನೇ ತಮ್ಮನ ಎರಡನೆಯ ಮಗ. ಭಾನುವಾರಗಳಂದು ಬೋಗಾದಿಯಿಂದ ಸ್ಕೂಟರಿನಲ್ಲಿ ಬಂದು ಅವರು ಹೇಳಿದ್ದನ್ನು ಬರೆದುಕೊಡುತ್ತೇನೆ. ಪ್ರತಿ ಭಾನುವಾರವೂ ಅದೇ ಪ್ರಶ್ನೆ: "ನಾನು ಹೋದ್ಮೇಲೆ ಇವರನ್ನ ನೋಡ್ಕೊಳ್ಳೋರು ಯಾರೋ?" ಇವರು ಎಂದರೆ ದೊಡ್ಡಮ್ಮ ಅಲ್ಲ, ನಾರ್ವೆಯ ಅರಮನೆಯವರು! "ನೀನೇ ಮುಂದುವರಿಸು" ಎನ್ನುತ್ತಾರೆ. "ನೋಡೋಣ ದೊಡ್ಡಪ್ಪ" ಎನ್ನುತ್ತೇನೆ. ಒಂದು ವರ್ಷದಿಂದ ನೋಡುತ್ತಲೇ ಇದ್ದೇನೆ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ರಾಜ್ಯ ಇಡುವುದೆಲ್ಲಿ ಎಂಬುದು ನೆಪ. ನಿಜ ಏನೆಂದರೆ, ಇಷ್ಟು ಸಲೀಸಾಗಿ ಸಾಗುವ ಇತಿಹಾಸವನ್ನು ಕಂಡರೆ ನನಗೆ ಅನುಮಾನ.

ಹೋದ ಭಾನುವಾರ ನಾಲ್ಕನೆಯ ದೊರೆಯ ಸರದಿ. ಅವನಿಗೆ ಮಕ್ಕಳಿಲ್ಲ.

"ತಮ್ಮನಿಗೆ ಇಬ್ಬರು ಗಂಡು ಮಕ್ಕಳು. ಎರಡನೇದನ್ನ ದತ್ತು ತಗೋತಾನೆ. ಬರ್ಕೋ."

"ದತ್ತು ಯಾಕೆ? ಇವನಾದ್ಮೇಲೆ ತಮ್ಮನೇ ಪಟ್ಟಕ್ಕೆ ಬರ್ತಾನಲ್ಲ?"

"ಪಟ್ಟಕ್ಕಲ್ವೋ. ಮನೇಲಿ ಒಂದು ಮಗು ಬೇಡ್ವಾ?"

ನಾನು ಬರೆದೆ.

"ದೊರೆ ತಮ್ಮನ್ನ ಅರಮನೆಗೆ ಕರೆಸಿಕೊಳ್ಳಲಿಲ್ಲ. ತಾನೇ ಹೋದ. ರಾಣೀನೂ ಹೋದಳು. ತಟ್ಟೇಲಿ ಬಾಳೆಹಣ್ಣು, ಹೂವು ಇಟ್ಕೊಂಡು."

"ನಾರ್ವೆಯಲ್ಲಿ ಬಾಳೆಹಣ್ಣಾ?"

"ಬರ್ಕೋ ಅಂದ್ನಲ್ಲ. ಮಗು ಹೊಸಿಲ ಮೇಲೆ ಕೂತಿತ್ತು. ಎರಡೂವರೆ ವರ್ಷ. ಒಂದೇ ಕಾಲಿಗೆ ಚಪ್ಪಲಿ. ರಾಣೀನ ನೋಡಿ ತಾನಾಗೇ ಕೈ ಚಾಚ್ತು."

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮ್ಮ ಕೈ ನಿಲ್ಲಿಸಿದರು. "ಸಾಕು ಬುಡಿ. ಎಲ್ಲಾನೂ ಬರೆಸಬೇಡಿ ಅವನ ಕೈಲಿ."

ನನ್ನ ಪೆನ್ನೂ ನಿಂತಿತು. ದೊಡ್ಡಪ್ಪ ಮಾತ್ರ ಮುಂದುವರಿದರು.

"ದೊರೆ ತಮ್ಮನ್ನ ಕೇಳಿದ. ಅದಕ್ಕೆ ತಮ್ಮ..."

ಮೂವತ್ತು ವರ್ಷದಲ್ಲಿ ಮೊದಲ ಸಲ ನಾರ್ವೆಯ ಇತಿಹಾಸ ತಡವರಿಸಿತು. ದೊಡ್ಡಪ್ಪ ಕನ್ನಡಕ ತೆಗೆದು ಲುಂಗಿಯಂಚಿನಿಂದ ಒರೆಸಿದರು, ಆ ಕನ್ನಡಕದಿಂದ ಈಗ ಏನು ಉಪಯೋಗವೋ!

"ತಮ್ಮ ಏನಂದ ಅಂತ ನೀನೇ ಬರಿ. ನನಗೆ ಓದಿ ಹೇಳ್ಬೇಡ."

ಬರೆದೆ. ಒಂದೇ ಸಾಲು, ದೊಡ್ಡಪ್ಪನ ನಾರ್ವೆಯಲ್ಲಿ ಆ ಸ್ವೀಡನ್ನಿನ ಮುದುಕ ಅಂದದ್ದೇ. ಪೆನ್ನಿನ ಸದ್ದು ನಿಂತ ಮೇಲೆ ಅವರು, "ಆಯ್ತಾ?" ಎಂದರು. "ಆಯ್ತು ದೊಡ್ಡಪ್ಪ. ಹನ್ನೊಂದನ್ನೂ ನಾನೇ ತಗೊಂಡು ಹೋಗ್ತೀನಿ" ಎಂದೆ. ದೊಡ್ಡಮ್ಮ ಎದ್ದು ಹೋಗಿ ಒಂದು ದೊಡ್ಡ ಚೀಲ ತಂದುಕೊಟ್ಟರು. ಊಟ ಮಾಡಿಯೇ ಹೋಗಬೇಕೆಂದರು, ಅವರೆಕಾಳು ಹುಳಿ ಇತ್ತು, ಮಾಡಿದೆ.

ಮನೆಗೆ ಬಂದು ಅಮ್ಮನನ್ನು ಕೇಳಿದೆ. ಅಪ್ಪ ಹೋಗಿ ಆರು ವರ್ಷವಾಯಿತು, ಕೇಳಲು ಉಳಿದವಳು ಅವಳೊಬ್ಬಳೇ. "ಒಂದ್ಸಲ ಇಬ್ರೂ ಬಂದಿದ್ರು ಕಣೋ, ತಟ್ಟೇಲಿ ಹಣ್ಣು ಇಟ್ಕೊಂಡು. ನಾನು ಒಳಗೆ ಕಾಫಿ ಮಾಡ್ತಿದ್ದೆ. ಬರೋವಷ್ಟ್ರಲ್ಲಿ ಹೊರಟೇಬಿಟ್ಟಿದ್ರು. ನಿಮ್ಮಪ್ಪ ಏನೂ ಹೇಳ್ಲಿಲ್ಲ" ಎಂದಳು. ಹೊಸಿಲ ಮೇಲೆ ಯಾರು ಕೂತಿದ್ದರು ಎಂದರೆ, ನೀನೋ ಅಣ್ಣನೋ ನೆನಪಿಲ್ಲ ಎಂದಳು.

ಅಪ್ಪ ಕೊಡುವುದಿಲ್ಲ ಎಂದನೋ, ಅಥವಾ ಅವರು ಕೇಳದೆಯೇ ಹಣ್ಣು ಇಟ್ಟು ಎದ್ದುಹೋದರೋ, ನನಗೆ ಗೊತ್ತಿಲ್ಲ.