ಬಿಂದಿಗೆಗಳಿಗೆ ಪಾಠ

ಒಂಟಿ ಮನುಷ್ಯನ ಮನೆಗೆ ನೆಂಟರು ಬಾರದಿದ್ದರೂ ಪ್ರಸಂಗಗಳು ಹೇಳದೆ ಕೇಳದೆ ಬರುತ್ತಿರುತ್ತವೆ. ಹೆಂಡತಿ ತೀರಿಕೊಂಡ ಮೇಲೆ ನಾನು ಗೌರಿಬಿದನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ದೊಡ್ಡವರಿಗೆ ಸಂಜೆ ಹೊತ್ತು ಅಕ್ಷರ ಕಲಿಸುತ್ತಿದ್ದೇನೆ. ಇಡೀ ದಿನದಲ್ಲಿ ನಾನು ಬಾಯಿ ಬಿಡುವುದು ಆಗ ಮಾತ್ರ.

೧. ಹಾಜರಿ

ಬೇಸಿಗೆಯಲ್ಲಿ ಬೀದಿ ನಲ್ಲಿಗೆ ನೀರು ಬಿಡುವುದೂ ಕ್ಲಾಸಿನ ಹೊತ್ತಿಗೇ. ನಮ್ಮಲ್ಲಿ ನಲ್ಲಿ ಮುಂದೆ ಬಿಂದಿಗೆ ಇಟ್ಟುಹೋದರೆ ಆ ಜಾಗ ಇಟ್ಟವರದೇ. ಬೇರೆಯವರು ಸರಿಸಿದರೆ ಬೈಗುಳ ಅವರ ತಾತಮುತ್ತಾತರವರೆಗೂ ಹೋಗುತ್ತದೆ. ಒಂದು ಸಂಜೆ ಕ್ಲಾಸಿಗೆ ಹೋದರೆ ಚಾಪೆ ಮೇಲೆ ಬಣ್ಣಬಣ್ಣದ ಪ್ಲಾಸ್ಟಿಕ್ ಬಿಂದಿಗೆಗಳು ಸಾಲಾಗಿ ಕೂತಿವೆ. ಮನುಷ್ಯರು ಒಬ್ಬರೂ ಇಲ್ಲ.

ಮಾರನೆಯ ದಿನ, ಕ್ಲಾಸಿಗೆ ಬರುವ ಹೂವು ಮಾರುವ ಅಜ್ಜಿಯನ್ನು ಕೇಳಿದೆ.

"ದೊಡ್ಡ ಬಿಂದಿಗೆ ನಲ್ಲಿಗೆ, ಚಿಕ್ಕದು ನಿಮ್ ಕ್ಲಾಸಿಗೆ ಮೇಷ್ಟ್ರೇ. ಜಾಗ ಹಿಡ್ದಿತ್ತಲ್ಲ, ಪಾಠ ಮಾಡ್ಬೇಕಿತ್ತಪ್ಪ."

"ಮಾಡಿದೆ ಕಣಮ್ಮ," ಅಂದೆ.

ನಿಜವಾಗಿಯೂ ಮಾಡಿದ್ದೆ. ಮಾತಾಡದೆ ಅಷ್ಟು ಬೇಸರವಾಗಿತ್ತು. ಬಿಂದಿಗೆಗಳು ಆಕಳಿಸಲೂ ಇಲ್ಲ.

೨. ಸಾಹೇಬರ ಊಟ

ತಪಾಸಣೆಗೆ ಬಂದವರು, "ಜನ ಬರದಿದ್ದರೆ ಕ್ಲಾಸು ಮುಚ್ಚಿಸ್ತೀವಿ," ಎಂದು ಹೇಳಿಹೋದರು. ಕ್ಲಾಸು ಹೋದರೆ ನನಗೆ ಮಾತಿಗೆ ಯಾರಿದ್ದಾರೆ? ನೀರಿನ ಹೊತ್ತು ಬದಲಾಯಿಸಿ ಎಂದು ಎಲ್ಲರೂ ಸೇರಿ ಅರ್ಜಿ ಬರೆದು, ಖಾಲಿ ಬಿಂದಿಗೆ ಹಿಡಿದು ಪಂಚಾಯಿತಿಗೆ ಹೋದೆವು.

"ಈಗ ಪುರುಸೊತ್ತಿಲ್ಲ, ಕಾಯಿರಿ," ಅಂದರು ಪಂಚಾಯಿತಿ ಸಾಹೇಬರು.

"ಆಯ್ತು ಸ್ವಾಮಿ," ಎಂದ ಹೆಂಗಸರು ಬಾಗಿಲಿಗೆ ಅಡ್ಡಲಾಗಿ ಬಿಂದಿಗೆಗಳನ್ನು ಸಾಲಿಟ್ಟು ಹೊಲಕ್ಕೆ ಹೊರಟುಹೋದರು. ನಾನೂ ಮನೆಗೆ ಬಂದೆ.

ಮಧ್ಯಾಹ್ನ ಸಾಹೇಬರ ಫೋನು. "ಮೇಷ್ಟ್ರೇ, ನೀರು ಬೆಳಿಗ್ಗೆ ಬಿಡಿಸ್ತೀನಿ. ಮೊದ್ಲು ನಿಮ್ಮ ವಿದ್ಯಾರ್ಥಿಗಳನ್ನ ಕರ್ಕೊಂಡು ಹೋಗಿ. ನಾನು ಊಟಕ್ಕೆ ಹೋಗ್ಬೇಕು!"

೩. ಭಾನುವಾರ

ಕ್ಲಾಸು ಉಳಿಯಿತು. ಆದರೆ ಭಾನುವಾರ ರಜೆ. ಗೋಡೆ ನೋಡಿ ನೋಡಿ ಸಾಕಾಗಿ, ಮನೆಯಲ್ಲಿ ನೀರಿದ್ದರೂ ನಾನೂ ನಲ್ಲಿ ಮುಂದೆ ಬಿಂದಿಗೆ ಇಟ್ಟುಬರತೊಡಗಿದೆ. ಸರದಿ ಬಂದಾಗ ಯಾರಾದರೂ ಬಾಗಿಲಿಗೆ ಬಂದು "ಮೇಷ್ಟ್ರೇ, ನಿಮ್ದೇ ಈಗ" ಎಂದು ಕೂಗುತ್ತಾರಲ್ಲ, ಅಷ್ಟಕ್ಕೆ.

ಒಂದು ಭಾನುವಾರ ಮನೆಯಲ್ಲಿ ಖಾಲಿ ಬಿಂದಿಗೆಯೇ ಇರಲಿಲ್ಲ. ನೀರು ಚೆಲ್ಲಲು ಮನಸ್ಸಾಗದೆ, ತುಂಬಿದ್ದಕ್ಕೇ ತಟ್ಟೆ ಮುಚ್ಚಿ ಸಾಲಿನಲ್ಲಿಟ್ಟೆ. ಅಜ್ಜಿ ತಟ್ಟೆ ಎತ್ತಿದಳು.

"ಇದೇನ್ ಮೇಷ್ಟ್ರೇ, ತುಂಬಿರೋದಕ್ಕೆ ತುಂಬಿಸ್ಕೊಳ್ಳಕ್ ಬಂದಿದೀರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಜ್ಜಿ ಮಾತ್ರ ನನ್ನ ಮುಖ ನೋಡುತ್ತಾ ತಟ್ಟೆಯನ್ನು ಮತ್ತೆ ಮುಚ್ಚಿದಳು.

ಮುಂದಿನ ಭಾನುವಾರ ಬಾಗಿಲು ತೆಗೆದರೆ, ಅಜ್ಜಿ ತನ್ನ ಚಿಕ್ಕ ಬಿಂದಿಗೆಯನ್ನು ಹೊಸ್ತಿಲ ಮೇಲೆ ಇಡುತ್ತಿದ್ದಳು.

"ಇವತ್ತು ಕ್ಲಾಸಿಲ್ಲ ಕಣಮ್ಮ."

"ಗೊತ್ತು ಬಿಡಿ ಮೇಷ್ಟ್ರೇ. ಹೂವು ಕೊಟ್ಟು ಬಂದ್ಬಿಡ್ತೀನಿ. ಅಲ್ಲೀವರ್ಗೂ ಇದ್ರ ಜೊತೆ ಮಾತಾಡ್ತಿರಿ."