ಗುಂಗುರು ಕೂದಲೂ ಇಪ್ಪತ್ತು ನಿಮಿಷವೂ

"ಭಾನುವಾರ ಮಧ್ಯಾಹ್ನ ಹನ್ನೆರಡು ಹೊಡೆಯೋದ್ರೊಳಗೆ ನಿನ್ನ ತಲೆಕೂದಲು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೇರ ಆಗ್ಲಿಲ್ಲ ಅಂದ್ರೆ, ನನ್ನ ಹೆಸರು ಬದಲಾಯಿಸಿ ಕರಿ!"

ಹೀಗಂತ ಟಿಕ್‌ಟಿಕ್ ಮಾಮ ಶುಕ್ರವಾರ ಸಂಜೆ ಊಟದ ಮೇಜಿನ ಮುಂದೆ ಎದ್ದು ನಿಂತು ಪ್ರತಿಜ್ಞೆ ಮಾಡಿದರು. ಕೈಯಲ್ಲಿ ಚಮಚ ಇತ್ತು. ಕತ್ತಿ ಇದ್ದಿದ್ದರೆ ಇನ್ನೂ ಶೋಭಿಸುತ್ತಿತ್ತು, ಇರಲಿ. ಮಾಮನ ಕಸುಬು ವಾಚು, ಗಡಿಯಾರಗಳ ರಿಪೇರಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಅದರ ಗೋಡೆ ತುಂಬಾ ಗಿರಾಕಿಗಳ ಗಡಿಯಾರಗಳು. ಒಟ್ಟು ಹದಿನೇಳು ಗಡಿಯಾರ, ಹದಿನೇಳು ಥರದ ಸಮಯ. ಟಿಕ್‌ಟಿಕ್ ಮಾಮ ಅನ್ನೋದು ಬೀದಿಯ ಮಕ್ಕಳು ಇಟ್ಟ ಹೆಸರು. ದೊಡ್ಡವರೂ ಹಾಗೇ ಕರೆಯುತ್ತಿದ್ದರು, ಮಾಮನಿಗೂ ಒಳಗೊಳಗೇ ಖುಷಿ. ಅಂಥ ಹೆಸರನ್ನೇ ಪಣಕ್ಕಿಟ್ಟುಬಿಟ್ಟರು ಪುಣ್ಯಾತ್ಮರು!

ಅಷ್ಟು ದೊಡ್ಡ ಮಾತು ಯಾಕೆ ಬಂತು ಅಂತ ಕೇಳ್ತೀರಾ? ಮಾಮನ ಹೆಂಡತಿ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಮೇಜಿನ ಹಿಂದೆ ಕೂರುವವಳು. ಊರಿನ ನಲ್ಲಿಗಳ ಗೋಳೆಲ್ಲ ಅವಳ ಕಿವಿಗೇ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲಿ ಎಲ್ಲರಿಗೂ ಹೊಸ ಗುರುತಿನ ಕಾರ್ಡಿಗೆ ಫೋಟೋ ತೆಗೆಯುವವರಿದ್ದರು. ಒಂದು ಸಲ ತೆಗೆದರೆ ಮುಗೀತು, ಹತ್ತು ವರ್ಷ ಅದೇ ಮುಖ! ಹಳೇ ಕಾರ್ಡಿನ ಫೋಟೋದಲ್ಲಿ ಅವಳ ಗುಂಗುರು ಕೂದಲು ಇದ್ದ ಜಾಗವನ್ನೆಲ್ಲ ಒತ್ತುವರಿ ಮಾಡಿಕೊಂಡು, ನಡುವೆ ಎರಡು ಕಣ್ಣು ಮತ್ತು ಒಂದು ಮೂಗು ಬಾಡಿಗೆಗೆ ಬಂದವರ ಹಾಗೆ ಮುದುಡಿ ಕೂತಿದ್ದವು. ಗೇಟಿನ ಕಾವಲುಗಾರ ಅದನ್ನು ನೋಡಿ ದಿನಾ ಬೆಳಿಗ್ಗೆ ತುಟಿ ಕಚ್ಚಿ ನಗು ನುಂಗುತ್ತಿದ್ದ. ಹತ್ತು ವರ್ಷ ಅವಳು ಆ ಫೋಟೋದ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಕಾರ್ಡು ತೋರಿಸಿದ್ದಳು. ಒಂದು ದಿನ ಅದನ್ನು ಕಣ್ಣಾರೆ ಕಂಡ ಮಾಮ, ಮುಂದಿನ ಸಲ ಹೀಗಾಗಲು ಬಿಡಬಾರದು ಅಂದುಕೊಂಡಿದ್ದರು.

"ಈ ಸಲ ಕೂದಲು ನೇರ ಮಾಡಿಸ್ಕೊಂಡೇ ಫೋಟೋಗೆ ಕೂರೋದು," ಎಂದಿದ್ದಳು ಹೆಂಡತಿ. "ಪ್ರಶ್ನೆ ಇರೋದು ಒಂದೇ. ಮನೇಲೋ, ಪಾರ್ಲರಲ್ಲೋ?"

ಪಾರ್ಲರು ಎಂದರೆ ಎರಡು ಬೀದಿ ಆಚೆ ಇದ್ದ ಮಾಮನ ತಂಗಿಯ ಪಾರ್ಲರು. ಅವಳ ಕೈ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ. ಬಾಯಿ ಮಾತ್ರ ಕೈಗಿಂತ ಒಂದು ಹೆಜ್ಜೆ ಮುಂದೆ. ಅವಳ ಕುರ್ಚಿಯಲ್ಲಿ ಬೆಳಿಗ್ಗೆ ಸೀನಿದರೆ ಸಂಜೆ ಹೊತ್ತಿಗೆ ಊರವರು ಬಂದು ಜ್ವರ ಹೇಗಿದೆ ಅಂತ ಕೇಳುತ್ತಾರೆ.

"ಅಲ್ಲಿಗೆ ಹೋದ್ರೆ ತಲೇನೂ ಕೊಡ್ಬೇಕು, ಕಿವೀನೂ ಕೊಡ್ಬೇಕು," ಎಂದಳು ಹೆಂಡತಿ. "'ನಾನು ಹೇಳಿರ್ಲಿಲ್ವಾ ಅತ್ತಿಗೆ' ಅಂತ ಮೂರು ಗಂಟೆ ಕೇಳ್ಬೇಕು. ಹಾಗಂತ ಮನೇಲಿ ಮಾಡ್ಕೊಳ್ಳೋಣ ಅಂದ್ರೆ ನನ್ನ ತಲೆ ಹಿಂದೆ ನನಗೆ ಕಾಣಲ್ಲ."

"ನಾನಿಲ್ವೇನೇ?" ಎಂದರು ಮಾಮ.

"ನೀವಾ?"

ಆ 'ನೀವಾ'ದಲ್ಲಿದ್ದ ಅನುಮಾನ ಮಾಮನ ಎದೆಗೆ ನೆಟ್ಟಿತು. "ಲೇ, ವಾಚಿನೊಳಗಿನ ಸ್ಪ್ರಿಂಗು ನೋಡಿದ್ದೀಯಾ? ಕೂದಲಿಗಿಂತ ಸಣ್ಣ! ಅದು ಗಂಟಾದ್ರೆ ಬಿಡಿಸೋನು ಈ ಊರಲ್ಲಿ ಇನ್ಯಾರು? ಮೂವತ್ತು ವರ್ಷದ ಕೈ ಕಣೇ ಇದು! ನಿನ್ನ ಕೂದಲು ಅದರ ಮುಂದೆ ಹಡಗಿನ ಹಗ್ಗ!"

ಹಗ್ಗ ಎಂದದ್ದಕ್ಕೆ ಹೆಂಡತಿ ಮೂತಿ ತಿರುಗಿಸಿದಳು. ಅಷ್ಟರಲ್ಲಿ ತಂಗಿಯದೇ ಫೋನು ಬಂತು. ಮಾಮ ಗೆದ್ದವರ ದನಿಯಲ್ಲಿ ಸುದ್ದಿ ತಿಳಿಸಿದರು. ಆ ಕಡೆಯಿಂದ ಬಂದ ನಗು ಪಕ್ಕದ ಕೋಣೆಗೂ ಕೇಳಿಸಿತು.

"ಅಣ್ಣಾ, ನೀನಾ? ನಮ್ಮ ಪಾರ್ಲರಿನ ಗೋಡೆ ಗಡಿಯಾರ ರಿಪೇರಿಗೆ ಅಂತ ತಗೊಂಡೋಗಿ ಎರಡು ವರ್ಷ ಆಯ್ತು! ಗೋಡೇಲಿ ಬರೀ ಮೊಳೆ ನೇತಾಡ್ತಿದೆ. ಅತ್ತಿಗೆ ಕೂದಲು ಮುಗಿಯೋ ಹೊತ್ತಿಗೆ ಅದು ತಾನಾಗೇ ನೆರೆತುಹೋಗಿರುತ್ತೆ ಬಿಡು!"

ಆಮೇಲೆ ಬಂದದ್ದೇ ಆ ಚಮಚದ ಪ್ರತಿಜ್ಞೆ.

ಭಾನುವಾರ ಹನ್ನೊಂದು ಗಂಟೆಗೆ ಬಚ್ಚಲುಮನೆ ಪಕ್ಕದ ಪಡಸಾಲೆ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ಹೆಂಡತಿ ಮೊಣಕಾಲ ಮೇಲೆ ಕನ್ನಡಿ ಇಟ್ಟುಕೊಂಡು, ಹೆಗಲ ಮೇಲೆ ಹಳೇ ಟವೆಲು ಹೊದ್ದು ಮಣೆಯ ಮೇಲೆ ಕೂತಳು. ಔಷಧಿ ಅಂಗಡಿಯಿಂದ ತಂದ ಡಬ್ಬಿಯೊಳಗೆ ಒಂದು ಕ್ರೀಮು, ಕೈಗವಸು, ಕ್ರೀಮಿನ ಕಸುವು ಮುರಿಯಲು ಕೊನೆಗೆ ಹಾಕಬೇಕಾದ ಒಂದು ಸೀಸೆ ದ್ರವ, ಜೊತೆಗೆ ಒಂದು ಸೂಚನಾಪತ್ರ. ಮಾಮ ಅದನ್ನು ನ್ಯಾಯಾಧೀಶರು ತೀರ್ಪು ಓದುವಂತೆ ಓದಿದರು.

"ಇಡೀ ತಲೆಗೆ ಬೇಗಬೇಗ ಹಚ್ಚಿ. ಹಚ್ಚಲು ಶುರುಮಾಡಿದ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ತೊಳೆಯಿರಿ. ಒಂದು ನಿಮಿಷವೂ ಮೀರಕೂಡದು. ಕೇಳಿಸ್ಕೊಂಡ್ಯಾ? ಸಮಯದ ವಿಷಯ! ಇದನ್ನ ಪಾರ್ಲರಿನವರಿಗೆ ಬಿಡೋಕಾಗುತ್ತಾ? ಅವರ ಗೋಡೇಲಿ ಗಡಿಯಾರ ಕೂಡ ಇಲ್ಲ!"

"ಯಾಕಿಲ್ಲ ಅಂತ ಅವಳು ಹೇಳಿದ್ಲಲ್ಲ," ಎಂದಳು ಹೆಂಡತಿ. ಮಾಮನಿಗೆ ಅದು ಕೇಳಿಸಲಿಲ್ಲ.

ಅವರು ಅಲಾರಾಂ ಗಡಿಯಾರವನ್ನು ಇಪ್ಪತ್ತು ನಿಮಿಷಕ್ಕೆ ಇಟ್ಟರು. ವಾಚು ನೋಡುವ ಭೂತಗನ್ನಡಿಯನ್ನು ಬಲಗಣ್ಣಿಗೆ ಸಿಕ್ಕಿಸಿದರು. ಎಡಗೈಯಲ್ಲಿ ಚಿಮಟ, ಬಲಗೈಯಲ್ಲಿ ಡಯಲಿನ ಧೂಳು ಒರೆಸುವ ಪುಟಾಣಿ ಬ್ರಷ್ಷು! ಎಡಗಿವಿಯ ಪಕ್ಕದಿಂದ ಆರಂಭ. ಚಿಮಟದಲ್ಲಿ ನಾಲ್ಕು ಕೂದಲು ಹಿಡಿದರು. ಬುಡದಿಂದ ತುದಿಯವರೆಗೆ ಕ್ರೀಮು ಎಳೆದರು. ಕಣ್ಣಗಲಿಸಿ ಪರೀಕ್ಷಿಸಿದರು. ನಡುವೆ ಸಾಸಿವೆಯಷ್ಟು ಜಾಗ ಬಿಟ್ಟುಹೋಗಿತ್ತು. ಮತ್ತೆ ಎಳೆದರು.

ಇಲ್ಲಿ ಮಾಮನ ಕಸುಬಿನ ಒಂದು ನೇಮ ಹೇಳಿಬಿಡಬೇಕು. ಕೈಯಲ್ಲಿರುವ ಚಕ್ರ ಕುಂದಿಲ್ಲದಂತೆ ಕೂರುವ ತನಕ ಅವರು ಮುಂದಿನ ಚಕ್ರವನ್ನು ಕಣ್ಣೆತ್ತಿಯೂ ನೋಡುವವರಲ್ಲ. ಅವರ ಗುರುಗಳು ಹಾಗೆ ಕಲಿಸಿದ್ದು. ಅದಕ್ಕೇ ಅವರು ರಿಪೇರಿ ಮಾಡಿದ ವಾಚು ಇಪ್ಪತ್ತು ವರ್ಷ ಕೈಕೊಡುವುದಿಲ್ಲ. ಅದಕ್ಕೇ ಹದಿನೇಳು ಗಡಿಯಾರ ಗೋಡೆಯ ಮೇಲೇ ಇರುವುದೂ ಹೌದು.

"ರೀ, ಸ್ವಲ್ಪ ಬೇಗ ಬೇಗ..."

"ಅಲ್ಲಾಡಬೇಡ! ಈ ಎಳೆ ಕೊನೇಲಿ ಸ್ವಲ್ಪ ಸುರುಳಿ ಉಳ್ಕೊಂಡಿದೆ."

"ಇರ್ಲಿ ಬಿಡ್ರಿ ಅದೊಂದು!"

"ಇರ್ಲಿ ಬಿಡು ಅಂದವರ ವಾಚುಗಳೆಲ್ಲ ಈಗ ನನ್ನ ಅಂಗಡೀಲಿ ಬಿದ್ದಿವೆ, ತಿಳ್ಕೋ!"

ಮಾಮನಿಗೆ ಲೋಕ ಮರೆತುಹೋಯಿತು. ಎಳೆ ಎಳೆಯಾಗಿ, ಸಾಲು ಸಾಲಾಗಿ, ಗುಂಗುರು ಶರಣಾಗುತ್ತಾ ಬಂತು. ಆಹಾ, ಏನು ನಯ! ಏನು ನೇರ! ಅವರ ಕಣ್ಣಲ್ಲಿ ನೀರೇ ಬಂತು. ಅದರಲ್ಲಿ ಅರ್ಧ ಕ್ರೀಮಿನ ಘಾಟಿನದು, ಅರ್ಧ ಹೆಮ್ಮೆಯದು. ಅವರು ನಡುಬೈತಲೆ ತಲುಪಿ, ಕೊನೆಯ ನಾಲ್ಕು ಕೂದಲಿಗೆ ಬ್ರಷ್ಷು ಎಳೆದು, "ನೋಡೀಗ!" ಎನ್ನಲು ಬಾಯಿ ತೆರೆದರು.

ಟ್ರಿಣ್ ಟ್ರಿಣ್ ಟ್ರಿಣ್! ಅಲಾರಾಂ ಬಡಿಯಿತು. ಒಂದು ಸೆಕೆಂಡು ಹೆಚ್ಚಿಲ್ಲ, ಒಂದು ಸೆಕೆಂಡು ಕಮ್ಮಿಯಿಲ್ಲ.

"ರೀ, ಚುರುಚುರು ಅಂತಿದೆ! ತೊಳೀರಿ, ತೊಳೀರಿ!" ಎಂದು ಕೂಗುತ್ತಾ ಹೆಂಡತಿ ಬಚ್ಚಲಿಗೆ ಓಡಿದಳು. ಹಿಂದೆಯೇ ಓಡಿದ ಮಾಮ ಗಾಬರಿಯಲ್ಲಿ ಎರಡು ಬಕೆಟ್ಟು ನೀರು ಹೊಯ್ದು, ಸೀಸೆಯ ದ್ರವವನ್ನು ಒಂದು ಹನಿ ಉಳಿಸದೆ ಎಡಗಡೆಗೇ ಸುರಿದರು. ಟವೆಲಿನಲ್ಲಿ ಒರೆಸಿ ಕನ್ನಡಿ ಕೊಟ್ಟರು.

ಹೆಂಡತಿ ಮುಖವನ್ನು ಎಡಕ್ಕೆ ತಿರುಗಿಸಿ ನೋಡಿದಳು, ಬಲಕ್ಕೆ ತಿರುಗಿಸಿ ನೋಡಿದಳು, ಆಮೇಲೆ ನೇರವಾಗಿ ನೋಡಿದಳು. ಎಡಗಡೆ ರೇಷ್ಮೆಯಂತೆ ಇಳಿದ ನೇರ ಕೂದಲು. ಬಲಗಡೆ ನೀರು ಬಿದ್ದ ಖುಷಿಗೆ ದುಪ್ಪಟ್ಟು ಉಬ್ಬಿದ ಹಳೇ ಗುಂಗುರು. ನಡುಬೈತಲೆಯೇ ಗಡಿ!

ಹೆಂಡತಿ ಕನ್ನಡಿಯನ್ನು ನೆಲಕ್ಕೆ ಬೋರಲು ಹಾಕಿದಳು.

"ಬಲಗಡೆ ಯಾವಾಗ ಮಾಡೋರಿದ್ರಿ?" ಎಂದಳು. ದನಿ ತಣ್ಣಗಿತ್ತು.

"ಈಗ್ಲೇ! ಕ್ರೀಮು ಇನ್ನೂ ಇದೆ..."

"ಕಸುವು ಮುರಿಯೋ ಸೀಸೆ?"

ಮಾಮ ಸೀಸೆಯನ್ನು ತಲೆಕೆಳಗು ಮಾಡಿದರು. ಗಾಳಿ ಬಂತು.

"ನಿಮ್ಮ ದೂರು ದಾಖಲಾಗಿದೆ," ಎಂದಳು ಹೆಂಡತಿ ಕಚೇರಿಯ ದನಿಯಲ್ಲೇ. ಅಷ್ಟು ಹೇಳುವುದರೊಳಗೆ ಕಣ್ಣು ತುಂಬಿತು. "ನಾಳೆ ಹತ್ತಕ್ಕೆ ಫೋಟೋ ರೀ! ಹತ್ತು ವರ್ಷ ಇದನ್ನ ಕತ್ತಿಗೆ ನೇತುಹಾಕ್ಕೊಂಡು ಓಡಾಡ್ಬೇಕಾ ನಾನು?"

ಹೆಂಡತಿ ಅಳುವುದನ್ನು ನೋಡಿ ಮಾಮನಿಗೆ ಅಭ್ಯಾಸವಿರಲಿಲ್ಲ. ಅವಳು ಸಾಮಾನ್ಯವಾಗಿ ಬೈಯುತ್ತಿದ್ದಳು, ಅದು ಎಷ್ಟೋ ವಾಸಿ. ಅವರು ಭೂತಗನ್ನಡಿ ಕಳಚಿಟ್ಟು, ಮೀಸೆ, ಮರ್ಯಾದೆ ಎಲ್ಲ ಬದಿಗಿಟ್ಟು ಫೋನು ಎತ್ತಿಕೊಂಡರು.

"ತಂಗೀ, ಪಾರ್ಲರು ಒಂದು ಸ್ವಲ್ಪ ತೆಗೀತೀಯೇನಮ್ಮಾ?"

ಮೂವತ್ತು ವರ್ಷದಲ್ಲಿ ಅಣ್ಣನ ಬಾಯಲ್ಲಿ 'ಅಮ್ಮಾ' ಕೇಳದ ತಂಗಿ, ಯಾರೋ ಆಸ್ಪತ್ರೆ ಸೇರಿದ್ದಾರೆಂದುಕೊಂಡು ಚಪ್ಪಲಿ ಅದಲುಬದಲು ಹಾಕಿಕೊಂಡೇ ಪಾರ್ಲರಿಗೆ ಓಡಿ ಬಂದಳು. ಮಾಮನ ಜೊತೆ ಅಲ್ಲಿಗೆ ಬಂದಿದ್ದ ಹೆಂಡತಿ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿದಳು. ತಂಗಿ ನೋಡಿದಳು. ಗೋಡೆ ಹಿಡಿದಳು. ಗೋಡೆ ಸಾಲದೆ ನೆಲದ ಮೇಲೇ ಕೂತುಬಿಟ್ಟಳು. ಅವಳ ನಗು ನಿಲ್ಲುವವರೆಗೆ ಗಂಡ ಹೆಂಡತಿ ಇಬ್ಬರೂ ಬೆಂಚಿನ ಮೇಲೆ ಶಿಕ್ಷೆಗೆ ಕೂತ ಮಕ್ಕಳಂತೆ ಕಾದರು.

ಆಮೇಲೆ ತಂಗಿ ಎದ್ದು, ಕಣ್ಣೊರೆಸಿಕೊಂಡು, ಎಡಗಡೆಯನ್ನು ಬೆರಳಲ್ಲಿ ಹಿಡಿದು ನೋಡಿದಳು. ನಗು ನಿಂತಿತು. "ಅಣ್ಣಾ, ಸುಳ್ಳು ಹೇಳಲ್ಲ. ಇಷ್ಟು ಚೆನ್ನಾಗಿ ನಂಗೂ ಬರಲ್ಲ."

ಮಾಮ ಎದೆ ಸೆಟೆಸಿದರು. "ಹಾಗಾದ್ರೆ ಬಲಗಡೆ ನೀನು ಮುಗಿಸಿಬಿಡು."

"ಆಗಲ್ಲ."

"ಯಾಕೆ?"

"ಒಂದೇ ದಿನ ಎರಡು ಸಲ ಈ ಔಷಧ ಹಾಕೋ ಹಾಗಿಲ್ಲ. ತೊಳೆಯುವಾಗ ಎಡಗಡೆಗೂ ಇಳಿಯುತ್ತೆ, ನೆತ್ತಿ ಆಗ್ಲೇ ಕೆಂಪಗಾಗಿದೆ. ನೀನು ನೇರ ಮಾಡಿದ ಕೂದಲೆಲ್ಲ ಕೈಗೇ ಬರುತ್ತೆ. ಎರಡು ವಾರ ಕಾಯ್ಬೇಕು."

"ಫೋಟೋ ನಾಳೆ ಕಣೇ!" ಎಂದಳು ಹೆಂಡತಿ. ಮತ್ತೆ ಅಳು ಉಕ್ಕುವುದರಲ್ಲಿತ್ತು.

ತಂಗಿ ಅತ್ತಿಗೆಯ ಹೆಗಲ ಮೇಲೆ ಕೈಯಿಟ್ಟಳು. ಆ ಬಾಯಿಬಡುಕಿಯ ದನಿಯೂ ಮೆತ್ತಗಾಯಿತು. "ಬಲಗಡೆ ನೇರ ಮಾಡೋಕಾಗಲ್ಲ ಅತ್ತಿಗೆ. ಎರಡೂ ಕಡೆ ಒಂದೇ ಥರ ಕಾಣ್ಬೇಕು ಅಂದ್ರೆ ಇರೋದು ಒಂದೇ ದಾರಿ. ಎಡಗಡೇನ ಗುಂಗುರು ಮಾಡೋದು."

ಕೇಳಿದಿರಾ? ಮಾಮ ಬೆವರು ಸುರಿಸಿ, ಕಣ್ಣೀರು ಸುರಿಸಿ, ನಾಲ್ಕು ನಾಲ್ಕು ಕೂದಲು ಹಿಡಿದು ನೇರ ಮಾಡಿದ ಆ ಮಹಾಕಾವ್ಯವನ್ನು ತಂಗಿ ಅವರ ಕಣ್ಣೆದುರಿಗೇ ಒದ್ದೆ ಮಾಡಿ, ಹಿಡಿ ಹಿಡಿಯಾಗಿ ಬಾಚಿ, ಪ್ಲಾಸ್ಟಿಕ್ಕಿನ ರೋಲರುಗಳಿಗೆ ಸರಸರ ಸುತ್ತಿಬಿಟ್ಟಳು! ಮಾಮ ಸಹಾಯಕ್ಕೆಂದು ಕೈ ಮುಂದೆ ಮಾಡಿದರು.

"ಮುಟ್ಟೋ ಹಾಗಿಲ್ಲ!" ಎಂದರು ಇಬ್ಬರೂ ಒಟ್ಟಿಗೆ.

ತಂಗಿ ಬಿಸಿಗಾಳಿಯ ಟೊಪ್ಪಿಗೆಯನ್ನು ಅತ್ತಿಗೆಯ ತಲೆಗಿಳಿಸಿದಳು. "ಮುಕ್ಕಾಲು ಗಂಟೆ ಇಡ್ಬೇಕು," ಎಂದು ಅಭ್ಯಾಸಬಲದಿಂದ ಗೋಡೆಯತ್ತ ಕತ್ತೆತ್ತಿದಳು. ಗೋಡೆಯಲ್ಲಿ ಮೊಳೆ ಇತ್ತು. ನಿಧಾನವಾಗಿ ಅಣ್ಣನ ಕಡೆ ತಿರುಗಿದಳು. ಮಾಮ ತಮ್ಮ ಕೈಗಡಿಯಾರ ಬಿಚ್ಚಿ, ಎದ್ದುಹೋಗಿ ಆ ಮೊಳೆಗೆ ನೇತುಹಾಕಿ ಬಂದು ಕೂತರು.

ಸೋಮವಾರ ಹತ್ತಕ್ಕೆ ಫೋಟೋ ಆಯಿತು. ಎಡಕ್ಕೂ ಬಲಕ್ಕೂ ಒಂದೇ ಥರ, ತುಂಬು ಗುಂಗುರು, ಹತ್ತು ವರ್ಷದ ಹಿಂದಿನದಕ್ಕೆ ಅಕ್ಕನಂಥ ಫೋಟೋ! ಮಂಗಳವಾರ ತಲೆ ತೊಳೆದಾಗ ಎಡಗಡೆ ಮತ್ತೆ ನೇರ. ಎರಡು ವಾರ ಹೆಂಡತಿ ತಲೆಗೆ ಸ್ಕಾರ್ಫು ಕಟ್ಟಿಕೊಂಡು ಓಡಾಡಿದಳು. ಆಮೇಲೆ ತಂಗಿ ಬಲಗಡೆಯನ್ನು ಇಪ್ಪತ್ತೇ ನಿಮಿಷದಲ್ಲಿ ನೇರ ಮಾಡಿಕೊಟ್ಟಳು. ಈಗ ಇಡೀ ತಲೆ ನೇರ, ಬೀದಿಯವರೆಲ್ಲ ತಿರುಗಿ ತಿರುಗಿ ನೋಡುವಷ್ಟು ಚೆಂದ. ಆದರೆ ಹೊಸ ಕಾರ್ಡಿನಲ್ಲಿ ಗುಂಗುರು! ಕಾರ್ಡು ಬಂದ ಮೊದಲ ದಿನ ಗೇಟಿನ ಕಾವಲುಗಾರ ಫೋಟೋ ನೋಡಿದ, ಅವಳನ್ನು ನೋಡಿದ, ಒಳಗೆ ಬಿಡಲಿಲ್ಲ. ಅವಳು ಬಿಸಿಲಲ್ಲಿ ನಿಂತು ನಡೆದದ್ದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಹೇಳಬೇಕಾಯಿತು. ಆವತ್ತಿನಿಂದ ಅವನು ಅವಳ ಕಾರ್ಡು ಕೇಳುವುದನ್ನೇ ಬಿಟ್ಟ.

ಮಾಮ ಮಾತ್ರ ಇದ್ಯಾವುದೂ ಹೊರಗೆ ಹೋಗಿಲ್ಲ, ಹೆಸರು ಉಳಿಯಿತು ಅಂದುಕೊಂಡು ನೆಮ್ಮದಿಯಾಗಿದ್ದರು. ಒಂದು ದಿನ ಹೆಂಡತಿ ಊಟದ ಡಬ್ಬಿ ಮರೆತು ಹೋದಳು. ಮಾಮ ಅದನ್ನು ಹಿಡಿದು ಕಚೇರಿಯ ಗೇಟಿಗೆ ಬಂದರು.

"ದೂರು ವಿಭಾಗದ ಮೇಡಂಗೆ ಕೊಡ್ಬೇಕಿತ್ತು. ನಾನು ಅವರ ಯಜಮಾನ. ನನ್ನ ಹೆಸರು ಕೇಳಿರಬಹುದು..."

ಕಾವಲುಗಾರ ಎದ್ದು ನಿಂತು ಸೆಲ್ಯೂಟು ಹೊಡೆದ. ಮುಖವೆಲ್ಲ ಅರಳಿತ್ತು. "ಓಹೋ! ಎಡಗಡೆ ಸಾರ್ ಅಂದ್ರೆ ನೀವೇನಾ? ಬನ್ನಿ ಸಾರ್, ಬನ್ನಿ! ಇಡೀ ಆಫೀಸಿಗೆ ಗೊತ್ತು ಸಾರ್ ನೀವು!"

ಮಾಮ ಊಟದ ಡಬ್ಬಿಯನ್ನು ಎದೆಗೆ ಅವುಚಿಕೊಂಡರು. ಏನಾದರೂ ಮಾಡಿ ಮಾನ ಉಳಿಸಿಕೊಳ್ಳಬೇಕೆಂದು ಅತ್ತಿತ್ತ ನೋಡುವಾಗ, ಸೆಲ್ಯೂಟು ಹೊಡೆದ ಕೈಯಲ್ಲಿದ್ದ ವಾಚು ಕಣ್ಣಿಗೆ ಬಿತ್ತು. ಮಟಮಟ ಮಧ್ಯಾಹ್ನದಲ್ಲಿ ಅದು ನಾಲ್ಕೂ ಹತ್ತು ತೋರಿಸುತ್ತಾ ನಿಂತಿತ್ತು. ಮಾಮನ ಬೆನ್ನು ನೆಟ್ಟಗಾಯಿತು.

"ನಿಮ್ಮ ವಾಚು ನಿಂತುಹೋಗಿದೆಯಲ್ರೀ! ಕೊಡಿ ಇಲ್ಲಿ, ಸರಿ ಮಾಡಿ ಕೊಡ್ತೀನಿ. ಮೂವತ್ತು ವರ್ಷದ ಕೈ!"

ಕಾವಲುಗಾರ ವಾಚಿನ ಪಟ್ಟಿಗೆ ಕೈ ಹಾಕಿದ. ಅರ್ಧ ಬಿಚ್ಚಿದವನು ಏನೋ ನೆನಪಾಗಿ ನಿಲ್ಲಿಸಿದ. ಆ ಕೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡು, ಬಹಳ ವಿನಯದಿಂದ ಕೇಳಿದ:

"ಪೂರ್ತಿ ಮಾಡ್ತೀರಾ ಸಾರ್?"