ಜಾರುವ ಚುಕ್ಕಿ

ಬಿಳಿ ಬಟ್ಟೆಯ ಚುಕ್ಕಿಯನ್ನು ಉಗುರಿನಲ್ಲಿ ಚಿವುಟಿ ಹಿಡಿದು ದಮಯಂತಿ ದಾರ ಸುತ್ತಿ ಬಿಗಿದಳು. ಇನ್ನೊಂದು ಚುಕ್ಕಿ, ಇನ್ನೊಂದು ಗಂಟು. ಹನ್ನೊಂದನೆಯ ವಯಸ್ಸಿನಲ್ಲಿ ಕಲಿತ ಕೆಲಸ. ಆಗ ಮದುರೆಯ ಈ ಓಣಿಯ ಜಗಲಿಗಳಲ್ಲೆಲ್ಲ ಬಣ್ಣಕ್ಕೆ ಅದ್ದುವ ಮುನ್ನ ಸುಂಗುಡಿ ಸೀರೆಯ ಗುರುತಿನ ಚುಕ್ಕಿಗಳಿಗೆ ಗಂಟು ಕಟ್ಟುವ ಹೆಂಗಸರ ಹರಟೆ. ಈಗ ಉಳಿದವರು ಅವಳು, ಪಕ್ಕದ ಮನೆಯ ಅಂಬುಜ, ಇಬ್ಬರೇ.

ಸೀರೆ ನೋಡಲು ಬಂದ, ಕೆಲಸ ಕೊಡುವ ಯಜಮಾನ ಕುಬೇಂದ್ರನ್ ಹೌಹಾರಿದ. "ಏನಕ್ಕಾ ಇದು? ಚುಕ್ಕಿಯೇ ಇಲ್ಲದ ಕಡೆ ಗಂಟು! ಬಣ್ಣಕ್ಕೆ ಹಾಕಿದ್ರೆ ಸೀರೆಗೆ ಸಿಡುಬು ಎದ್ದ ಹಾಗಿರತ್ತೆ."

"ಚುಕ್ಕಿ ಇತ್ತಲ್ಲಪ್ಪಾ. ಹಿಡಿಯೋಕೆ ಹೋದ್ರೆ ಸ್ವಲ್ಪ ಜಾರ್ತಿತ್ತು, ಅಷ್ಟೆ."

"ಜಾರೋ ಚುಕ್ಕೀನಾ? ಸಂಜೆಯೊಳಗೆ ಸರಿಮಾಡಿ. ಇಲ್ಲಾಂದ್ರೆ ಇನ್ಮೇಲೆ ಎಲ್ಲ ಸೀರೆ ಅಂಬುಜಕ್ಕನಿಗೇ."

ಅಂಬುಜ ಹರಳೆಣ್ಣೆ ತಂದಳು, ಎದುರುಮನೆ ಅಜ್ಜಿ ಕಣ್ಣಿಗೆ ನಿಂಬೆಹಣ್ಣು ಹಿಂಡಲು ಬಂದಳು. ದಮಯಂತಿ ಕಣ್ಣಿನಾಸ್ಪತ್ರೆಗೆ ಓಡಿದಳು. ಅಂಬುಜ ಬಿಟ್ಟಾಳೆಯೇ? ಜೊತೆಗೇ ಹೊರಟಳು.

ಡಾಕ್ಟರಮ್ಮ ಹನಿ ಹಾಕಿ ಇಣುಕಿದಳು. "ಕಣ್ಣೊಳಗೆ ಲೋಳೆ ಇರತ್ತಮ್ಮಾ. ವಯಸ್ಸಾದ ಹಾಗೆ ಅದರ ಎಳೆಗಳು ಗಂಟು ಕಟ್ತವೆ. ನಿಮಗೆ ಕಾಣೋದು ಅವುಗಳ ನೆರಳು."

"ಅಯ್ಯೋ, ಒಳಗೂ ಗಂಟೇ ಕಟ್ತಿದ್ದಾಳಾ?" ಎಂದಳು ಅಂಬುಜ.

"ಔಷಧಿ?" ಎಂದಳು ದಮಯಂತಿ.

"ಹನಿ, ಮಾತ್ರೆ ಯಾವುದೂ ಇಲ್ಲ. ಲೇಸರ್, ಆಪರೇಷನ್ ಇವೆ; ಇಷ್ಟಕ್ಕೆಲ್ಲ ಬೇಡ, ಅವುಗಳ ಅಪಾಯವೇ ಹೆಚ್ಚು. ಮಿಂಚು ಹೊಡೆದ ಹಾಗೆ ಕಂಡ್ರೆ, ಚುಕ್ಕಿ ಒಮ್ಮೆಲೇ ಮಳೆಯಂತೆ ಸುರಿದ್ರೆ, ಪರದೆ ಇಳಿದ ಹಾಗಾದ್ರೆ ತಕ್ಷಣ ಬನ್ನಿ. ಬೆಳಕಿಗೆ ಮುಖ ಮಾಡಿದ್ರೆ ಈ ನೆರಳು ಜಾಸ್ತಿ ಕಾಣತ್ತೆ. ಚುಕ್ಕಿ ಕಂಡ್ರೂ ಕಾಣದ ಹಾಗೆ ಇದ್ಬಿಡಿ."

ಹನಿಯ ಮಂಜು ಕಳೆದ ಮೇಲೆ ದಮಯಂತಿ ತಪ್ಪು ಗಂಟುಗಳನ್ನು ಬಿಚ್ಚಿ, ಹಗುರಾದ ಮನಸ್ಸಿನಿಂದ ಸೆರಗು ಮುಗಿಸಿದಳು. ಕುಬೇಂದ್ರನ್ ಬಂದ. ಸೆರಗು ಬಿಡಿಸಿದ. ತಲೆಯ ಮೇಲೆ ಕೈ ಹೊತ್ತ.

"ಅಕ್ಕಾ! ಬೆಳಿಗ್ಗೆ ಇಲ್ಲದ ಚುಕ್ಕಿಗೆ ಗಂಟು. ಈಗ ಇರೋ ಚುಕ್ಕೀನೇ ಬಿಟ್ಟಿದ್ದೀರಲ್ಲ!"

"ಡಾಕ್ಟರಮ್ಮ ಕಾಣದ ಹಾಗೆ ಇರಿ ಅಂದ್ಲು..."

"ನನ್ನ ಸೀರೆಯ ಚುಕ್ಕೀನಾ? ನಾಳೆ ಒಂದೇ ದಿನ ಕೊಡ್ತೀನಿ ಅಕ್ಕಾ, ಆಮೇಲೆ ಕೇಳ್ಬೇಡಿ."

ಅವನು ಹೋದ ಮೇಲೆ, ಬೆಳಕಿನ ಬಗ್ಗೆ ಡಾಕ್ಟರಮ್ಮ ಅಂದದ್ದರ ಜೊತೆಗೇ ದಮಯಂತಿಗೆ ಅಮ್ಮ ನೆನಪಾದಳು. ಕೊನೆಯ ವರ್ಷಗಳಲ್ಲಿ ಅಮ್ಮ ಜಗಲಿಯ ಬೆಳಕಿಗೆ ಬೆನ್ನು ಹಾಕಿ, ಗೋಡೆಗೆ ಮುಖ ಮಾಡಿ ಗಂಟು ಕಟ್ಟುತ್ತಿದ್ದಳು. ಅಮ್ಮನಿಗೆ ಯಾರ ಮೇಲೆ ಸಿಟ್ಟು ಎಂದು ಮೂವರು ಹೆಣ್ಣುಮಕ್ಕಳೂ ಜಗಳವಾಡಿದ್ದರು. ಅಮ್ಮ ಬಾಯಿ ಬಿಟ್ಟಿರಲಿಲ್ಲ. ಸೀರೆಗಳು ಮಾತ್ರ ಕೊನೆಯವರೆಗೂ ಅವಳ ಕೈಗೇ ಬರುತ್ತಿದ್ದವು.

ದಮಯಂತಿ ಎದ್ದು ಮಣೆಯನ್ನು ಒಳಕ್ಕೆ ಎಳೆದು, ಗೋಡೆಯ ಕಡೆ ತಿರುಗಿಸಿಟ್ಟಳು.

"ಯಾರ ಮೇಲೇ ಕೋಪ?" ಅಂಬುಜ ಬಾಗಿಲಲ್ಲಿ ನಿಂತು ಕೇಳಿದಳು.

"ನಿನ್ನ ಮೇಲೇ ಅಂದ್ಕೋ," ಎಂದು ದಮಯಂತಿ ದಾರ ಎಳೆದುಕೊಂಡಳು.